ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುವವರಿಗೆ

ಊರಿನಲ್ಲಿರುವ ಬಂಧುಗಳೇ, ಸ್ನೇಹಿತರೇ,

ಉಪ್ಪಿಟ್ಟು ತಿನ್ನುವಾಗ ಕರಿಬೇವನ್ನು ಒಂದೊಂದಾಗಿ ಆಯ್ದು ಪಕ್ಕಕ್ಕಿಡುತ್ತೀರಲ್ಲ, ಅದರ ಬಗ್ಗೆಯೇ ನ್ಯೂಜೆರ್ಸಿಯಿಂದ ಈ ಪತ್ರ. "ಈಗ ಅಲ್ಲೇ ಎಲ್ಲಾ ಸಿಗತ್ತಲ್ಲ, ನಿಮಗೇನು ಕಮ್ಮಿ?" ಎಂದು ಫೋನಿನಲ್ಲಿ ಕೇಳುತ್ತೀರಿ. ನಿಜ. ಎಡಿಸನ್‌ನ ಓಕ್ ಟ್ರೀ ರಸ್ತೆಗೆ ಹೋದರೆ ತೊಗರಿಬೇಳೆ, ರಾಗಿಹಿಟ್ಟು, ಹುಣಸೆಹಣ್ಣು, ಯಾವುದಕ್ಕೂ ಬರವಿಲ್ಲ. ಕರಿಬೇವೂ ಇದೆ, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ, ಬೆಲೆಯ ಚೀಟಿ ಅಂಟಿಸಿಕೊಂಡು.

ಆದರೆ ಕೊಸರು ಇಲ್ಲ. ಅರ್ಧ ಕೆಜಿ ಹುರುಳಿಕಾಯಿ ಕೊಂಡವರ ಚೀಲಕ್ಕೆ ಕೇಳದಿದ್ದರೂ ಎರಡು ಕಡ್ಡಿ ಕರಿಬೇವು ತುರುಕುವ ತರಕಾರಿಯಮ್ಮ ಇಲ್ಲ. ಸಾಸಿವೆ ಸಿಡಿಯುವ ಹೊತ್ತಿಗೆ "ಒಂದೆಸಳು ಕೊಡ್ರೀ" ಎಂದು ಕೂಗಿದರೆ ಕಾಂಪೌಂಡಿನ ಮೇಲಿಂದ ಕೈಚಾಚುವ ಪಕ್ಕದ ಮನೆಯವರೂ ಇಲ್ಲ. ಇಲ್ಲಿ ಎಲೆ ಎಣಿಸಿ ಒಗ್ಗರಣೆಗೆ ಹಾಕುತ್ತೇನೆ. ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಎಲೆಯಂಚು ಕಪ್ಪಾಗುತ್ತದೆ. ಕುಂಡದಲ್ಲಿ ಬೆಳೆಸುತ್ತೇನೆ, ಬೆಳೆಸದೆ ಏನು! ಅಕ್ಟೋಬರಿನಲ್ಲಿ ಚಳಿ ಶುರುವಾಗುತ್ತಲೇ ಅದನ್ನು ಒಳಗೆ ತಂದು ಕಿಟಕಿಯ ಬಿಸಿಲಿಗಿಡಬೇಕು. ಜನವರಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ. ಏಪ್ರಿಲ್‌ನಲ್ಲಿ ಗೆಣ್ಣಿನ ಹತ್ತಿರ ಅಕ್ಕಿಕಾಳಿನಷ್ಟು ಚಿಗುರು ಕಂಡರೆ ಮನೆಯವರನ್ನೆಲ್ಲ ಕರೆದು ತೋರಿಸುತ್ತೇನೆ.

ಹಾಗೆಂದು, ಮಗಳ ಬಾಣಂತನಕ್ಕೆ ಬರುವ ಅಮ್ಮಂದಿರೇ, ಸೀರೆಯ ಮಡಿಕೆಯಲ್ಲಿ ಕರಿಬೇವು ಅಡಗಿಸಿ ತರಬೇಡಿ. ಹಸಿ ಕರಿಬೇವನ್ನು ಈ ದೇಶದೊಳಕ್ಕೆ ತರುವಂತಿಲ್ಲ, ಆ ನಿಯಮ ಸರಿಯೆಂದೇ ನನ್ನ ಅಭಿಪ್ರಾಯ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ ಗಿಡ. ಸಿಲ್ಲಿಡ್ ಎಂಬ ಪುಟ್ಟ ಕೀಟ ಅದರ ಚಿಗುರಲ್ಲಿ ಮೊಟ್ಟೆಯಿಡುತ್ತದೆ. ಮದ್ದಿಲ್ಲದ ಗ್ರೀನಿಂಗ್ ರೋಗವನ್ನು ಕಿತ್ತಳೆ ಮರಗಳಿಗೆ ಹರಡುವುದೂ ಅದೇ ಕೀಟ. 2005ರಲ್ಲಿ ಫ್ಲಾರಿಡಾದಲ್ಲಿ ಆ ರೋಗ ಪತ್ತೆಯಾಯಿತು. ಅದರ ಜತೆ ಚಂಡಮಾರುತಗಳ ಹೊಡೆತವೂ ಸೇರಿ ಅಲ್ಲಿನ ಕಿತ್ತಳೆ ಬೆಳೆ ಈಗ ಹಿಂದಿನ ಕಾಲುಭಾಗವೂ ಇಲ್ಲ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೂ ಇದೇ ರೋಗ ಒಂದು ಕಾರಣ. ಆ ನಷ್ಟ ಕಂಡ ನಾವು ಇನ್ನೊಬ್ಬ ರೈತನ ತೋಟಕ್ಕೆ ಅದನ್ನು ಹೊತ್ತು ತರಬಾರದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಕಾರು ನಿಲ್ಲಿಸಲು ಜಾಗ ಬೇಕೆಂದು ಹಿತ್ತಲಿನ ಕರಿಬೇವಿನ ಗಿಡ ಕಡಿಸಬೇಡಿ. ಡಿಸೆಂಬರಿನಲ್ಲಿ ರಜೆಗೆ ಬರುತ್ತೇವೆ. ಬಂದ ದಿನ ಚಿತ್ರಾನ್ನ ಮಾಡಿ, ಕರಿಬೇವು ಧಾರಾಳವಾಗಿರಲಿ.

ಇಂತಿ,
ನ್ಯೂಜೆರ್ಸಿಯಲ್ಲಿರುವ ನಿಮ್ಮವಳು