ಹೈ ಅಲರ್ಟ್ ಮೀಮಾಂಸೆ

ವಿಷಯಪ್ರವೇಶ: ದಾಳಿಗೆ ಮುನ್ನ ಒಂದು ಸರ್ಕಾರ ಇನ್ನೊಂದರ ಕಿವಿಯಲ್ಲಿ ಉಸುರಿದ ಗುಟ್ಟು ಟಿವಿಯಲ್ಲಿ ರಟ್ಟಾಗುವ ಬಗೆಯನ್ನು ಕುರಿತು ಕನ್ನಡದಲ್ಲಿ ಶಾಸ್ತ್ರಗ್ರಂಥವಿಲ್ಲ. ಆ ಕೊರತೆ ನೀಗಿಸಲು ಈ ಪ್ರಬಂಧ. ಅಧ್ಯಯನಕ್ಷೇತ್ರ ಚೆನ್ನೈ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಹೇಳದೆ ಕೇಳದೆ ಬಂದು, ಬಂದರಿನ ಎಣ್ಣೆ ಟ್ಯಾಂಕುಗಳನ್ನು ಉರಿಸಿ ಹೋದ ಊರಿದು. ಹೇಳಿ ಬರುವ ಶತ್ರುವಿನ ಬೆಲೆ ಇದಕ್ಕೆ ಚೆನ್ನಾಗಿ ಗೊತ್ತು.

ಪ್ರಮೇಯ 1: ಖಚಿತ ಎಚ್ಚರಿಕೆಗೆ ಕಾಲು ಭಾರ. 2019ರ ಏಪ್ರಿಲ್ 4ರಂದು ಭಾರತ ಶ್ರೀಲಂಕಾಕ್ಕೆ ಉಗ್ರರ ಹೆಸರು ಹಿಡಿದು, ಚರ್ಚುಗಳು ಗುರಿಯೆಂದು ತಿಳಿಸಿತ್ತು. ಕೊಯಮತ್ತೂರಿನ ತನಿಖೆಯಲ್ಲಿ ಸಿಕ್ಕ ಸುಳಿವು ಎಂದು ಪತ್ರಿಕೆಗಳು ಬರೆದವು, ಎಲ್ಲ ಮುಗಿದ ಮೇಲೆ. ಕೊಲಂಬೊದಲ್ಲಿ ಕಾಗದ ಮೇಜಿನಿಂದ ಮೇಜಿಗೆ ತೆವಳಿತು. 21ರ ಈಸ್ಟರ್ ದಿನ ಬಾಂಬ್ ದಾಳಿಗೆ 250ಕ್ಕೂ ಹೆಚ್ಚು ಜನ ಸತ್ತರು.

ಪ್ರಮೇಯ 2: ಪೊಳ್ಳು ಎಚ್ಚರಿಕೆಗೆ ರೆಕ್ಕೆ. ಅದಾದ ಐದೇ ದಿನಕ್ಕೆ ಲಾರಿ ಚಾಲಕನೆಂದು ಹೇಳಿಕೊಂಡವನೊಬ್ಬ ತಮಿಳು ಮತ್ತು ಹರಕುಮುರುಕು ಹಿಂದಿಯಲ್ಲಿ ಬೆಂಗಳೂರು ಪೊಲೀಸರಿಗೆ ಫೋನ್ ಮಾಡಿದ: ರಾಮನಾಥಪುರದಲ್ಲಿ 19 ಉಗ್ರರಿದ್ದಾರೆ, ರೈಲುಗಳಿಗೆ ಅಪಾಯ. ಸುಮಾರು ಇಪ್ಪತ್ತು ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ! ಕರ್ನಾಟಕದ ಡಿಜಿಪಿಯಿಂದ ತಮಿಳುನಾಡು ಸೇರಿದಂತೆ ನೆರೆಹೊರೆಯ ರಾಜ್ಯಗಳಿಗೆ ಪತ್ರ ಹೋಯಿತು. ಕಾವೇರಿ ಹರಿಯಲು ಸುಪ್ರೀಂ ಕೋರ್ಟ್ ಬೇಕು. ಈ ಮಾಹಿತಿ ತಂಟೆತಕರಾರಿಲ್ಲದೆ ಹರಿಯಿತು. ಮರುದಿನ ಕರೆ ಹುಸಿಯೆಂದು ತಿಳಿದು, ಕರೆ ಮಾಡಿದ ನಿವೃತ್ತ ಸೈನಿಕ ಬಂಧಿತನಾದ.

ಪ್ರಮೇಯ 3: ವಿವರ ಹೆಚ್ಚಿದಷ್ಟೂ ಉಪಯೋಗ ಕಡಿಮೆ. ಅದೇ ವರ್ಷದ ಆಗಸ್ಟ್‌ನಲ್ಲಿ ಶ್ರೀಲಂಕಾ ಮಾರ್ಗವಾಗಿ ಆರು ಲಷ್ಕರ್ ಉಗ್ರರು ತಮಿಳುನಾಡಿಗೆ ನುಸುಳಿದ್ದಾರೆಂದು ಚೆನ್ನೈ, ಕೊಯಮತ್ತೂರಿನಲ್ಲಿ ಹೈ ಅಲರ್ಟ್. ಗುರುತು: ಹಣೆಯಲ್ಲಿ ತಿಲಕ, ವಿಭೂತಿ. ಮೈಲಾಪುರದ ಕಪಾಲೀಶ್ವರನ ಬೀದಿಯಲ್ಲಿ ಬೆಳಗಾದರೆ ಈ ಗುರುತಿಲ್ಲದ ಹಣೆ ಹುಡುಕುವುದೇ ಕಷ್ಟ. ಪರದೆಯಲ್ಲಿ ಶ್ವಾನದಳ ಸೂಟ್‌ಕೇಸ್ ಮೂಸಿತು. ಕೆಳಗೆ ಕೆಂಪು ಪಟ್ಟಿ ಓಡಿತು. ದಾಳಿ ನಡೆಯಲಿಲ್ಲ. ಪಟ್ಟಿ ಬದಲಾಯಿತು.

ಪ್ರಮೇಯ 4: ಹೇಳಿದವನು ವೈರಿಯಾದರೆ ಚರ್ಚೆ ಅವನ ಮೇಲೆಯೇ. ಅಪವಾದ ಒಂದುಂಟು: 2016ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಭದ್ರತಾ ಸಲಹೆಗಾರ ನಾಸಿರ್ ಜಂಜುವಾ, ಗುಜರಾತಿಗೆ ಹತ್ತು ಉಗ್ರರು ನುಸುಳಿರಬಹುದೆಂದು ಅದೇ ಹುದ್ದೆಯಲ್ಲಿದ್ದ ಭಾರತದ ಅಜಿತ್ ಡೋವಲ್‌ಗೆ ತಿಳಿಸಿದಾಗ ಭಾರತ ಗುಮಾನಿ ಬದಿಗಿಟ್ಟು ಶಿವರಾತ್ರಿಗೆ ಸೋಮನಾಥದ ಕಾವಲು ಬಿಗಿ ಮಾಡಿತು. ಮಾಸ್ಕೋದಲ್ಲಿ ಹಾಗಾಗಲಿಲ್ಲ. 2024ರ ಮಾರ್ಚ್ 7ರಂದು ಅಮೆರಿಕ ಎಚ್ಚರಿಸಿತು. 19ರಂದು ಪುಟಿನ್ ಅದನ್ನು ಬ್ಲ್ಯಾಕ್‌ಮೇಲ್ ಎಂದರು. 22ರಂದು ಕ್ರೋಕಸ್ ಸಭಾಂಗಣದಲ್ಲಿ ಗುಂಡಿನ ಸುರಿಮಳೆ.

ಸಿದ್ಧಾಂತ: ಕಳಿಸಿದವನ ಜಾತಕ ಜಾಲಾಡಲು ಪರದೆಯ ತುಂಬ ಪಂಡಿತರು ಸಾಲುಗಟ್ಟುತ್ತಾರೆ, ಓದಿದವನು ಏನು ಮಾಡಿದ ಎಂದು ಕೇಳುವವರಿಲ್ಲ. ಶ್ರೀಲಂಕಾದ ಸುಪ್ರೀಂ ಕೋರ್ಟ್ ಮಾತ್ರ ಕೇಳಿತು: 2023ರ ಜನವರಿಯಲ್ಲಿ ಈಸ್ಟರ್ ದಾಳಿ ತಡೆಯದ್ದಕ್ಕೆ ಮಾಜಿ ಅಧ್ಯಕ್ಷ ಸಿರಿಸೇನಾ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕಟ್ಟಬೇಕೆಂದಿತು. ಆದ್ದರಿಂದ ಮುಂದಿನ ಸಂಶೋಧಕರಲ್ಲಿ ವಿನಂತಿ: ಸ್ಟುಡಿಯೋಗೆ ಕರೆಯುವಾಗ ಲಕೋಟೆ ಒಡೆದವನಿಗೂ ಒಂದು ಕುರ್ಚಿ ಹಾಕಿಸಿ.