ಒಂದು ಬ್ಯಾಟರಿಗೆ ಎಷ್ಟು ಚಟ್ನಿ?

ಶನಿವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಯಾವ ಬಡಾವಣೆಯಲ್ಲಿ ವಾಕಿಂಗ್ ಹೊರಟರೂ ಒಂದಲ್ಲ ಒಂದು ಮನೆಯ ಮುಂದೆ ಬಿಳಿ ಟ್ರೇಲರ್ ನಿಂತಿರುತ್ತದೆ, ಅದರಡಿಯಿಂದ ಎರಡು ಕಾಲು ಹೊರಗೆ ಚಾಚಿರುತ್ತವೆ. "ಏನಾಯ್ತು?" ಎಂದು ಮಾತ್ರ ಕೇಳಬೇಡಿ. ಕೇಳಿದವರು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಿದ್ದಿಲ್ಲ. ಕಾಲಿಗೆ ಬೂಟು ಇದ್ದರೆ ಆಸಾಮಿ ಅಮೆರಿಕದವನು, ಮುಂದೆ ಹೋಗಿ. ಹವಾಯಿ ಚಪ್ಪಲಿ ಇದ್ದು, ಅದರ ಬಾರಿಗೆ ಸೇಫ್ಟಿ ಪಿನ್ ಹಾಕಿದ್ದರೆ ಅವರು ನಮ್ಮ ಟ್ರೇಲರ್ ರಾಯರು.

ರಾಯರೆಂದರೆ ಒಬ್ಬರೇ ಅಲ್ಲ. ಫ್ರೀಮಾಂಟ್‌ನಲ್ಲಿದ್ದಾರೆ, ಸ್ಯಾಕ್ರಮೆಂಟೊದಲ್ಲಿದ್ದಾರೆ, ಡಲ್ಲಾಸ್, ಫೀನಿಕ್ಸ್ ಕಡೆಯೂ ಇದ್ದಾರೆ. ಕನ್ನಡ ಕೂಟಕ್ಕೊಬ್ಬರು ಖಾತ್ರಿ. ಐವತ್ತರ ಆಸುಪಾಸು, ಸಾಫ್ಟ್‌ವೇರ್ ಕೆಲಸ, ಬೆನ್ನುನೋವು. ಮಕ್ಕಳು ಅಪ್ಪನ ಜೊತೆ ಎಲ್ಲಿಗೂ ಬರಲೊಲ್ಲದ ವಯಸ್ಸು ಮುಟ್ಟಿದ ಮೇಲೆಯೇ "ಮಕ್ಕಳಿಗೋಸ್ಕರ" ಎಂದು ಟ್ರೇಲರ್ ಕೊಳ್ಳುತ್ತಾರೆ. ಊರಲ್ಲಿದ್ದಾಗ ಇವರು ಒಂದು ಮೊಳೆ ಹೊಡೆದವರಲ್ಲ. ಫ್ಯೂಸ್ ಹೋದರೆ ಲೈನ್‌ಮನ್, ನಲ್ಲಿ ಸೋರಿದರೆ ಪ್ಲಂಬರ್, ಸ್ಟೂಲಿನ ಕಾಲು ಅಲ್ಲಾಡಿದರೆ ಆಚಾರಿ. ಇವರದೇನಿದ್ದರೂ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುವ ಕೆಲಸ. ಅಮೆರಿಕದಲ್ಲಿ ಟ್ರೇಲರ್ ರಿಪೇರಿಗೆ ಗಂಟೆಗೆ 150 ಡಾಲರಿನ ಮೇಲೆ ಕೂಲಿ ಕೇಳಿದಾಗ ಒಳಗೆ ಮಲಗಿದ್ದ ವಿಶ್ವಕರ್ಮ ದಡಕ್ಕನೆ ಎದ್ದು ಕೂತ. ನಾನು ಹೇಳಹೊರಟಿರುವುದು ಫ್ರೀಮಾಂಟಿನ ರಾಯರ ಕಥೆ. ಮೂಲ ತೀರ್ಥಹಳ್ಳಿ ಕಡೆ. ಉಳಿದವರೂ ಇದೇ ಅಚ್ಚು, ಸ್ಪ್ಯಾನರಿನ ಬ್ರಾಂಡ್ ಬೇರೆ ಅಷ್ಟೆ.

ಟ್ರೇಲರ್ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಮನೆ. 19 ಅಡಿಯೊಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು, ಕಕ್ಕಸು. ರಾಯರು ಕೊಂಡದ್ದು ಇಪ್ಪತ್ತು ವರ್ಷ ಹಳೆಯದು. ಮಾರಿದ ಮುದುಕ ಬೀಗದ ಕೈ ಕೊಟ್ಟು, ಇವರ ಎರಡೂ ಕೈ ಹಿಡಿದು ಬಹಳ ಹೊತ್ತು ಕುಲುಕಿದನಂತೆ. "ಎಂಥಾ ಸಜ್ಜನ!" ಎಂದರು ರಾಯರು. ಮನೆಗೆ ತಂದ ಸಂಜೆಯೇ ಮಂಚದ ಹತ್ತಿರದ ಮೂಲೆಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದರು. ಅದು ಗೋಡೆಯೊಳಗೆ ಹಿಡಿವರೆಗೂ ಇಳಿಯಿತು. ಸಜ್ಜನಿಕೆಯ ಮೂಲ ಅಲ್ಲಿತ್ತು.

ಇಂಥ ಟ್ರೇಲರಿನ ಗೋಡೆ ಎಂದರೆ ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಮರದ ರೀಪು. ಚಾವಣಿಗೆ ರಬ್ಬರ್ ಹಾಳೆ. ಗಾಳಿಕಿಂಡಿಗೆ, ಆಂಟೆನಾಗೆ, ಕೊಳವೆಗೆ ಎಲ್ಲೆಲ್ಲಿ ಆ ರಬ್ಬರನ್ನು ಕೊರೆದಿರುತ್ತಾರೋ ಅಲ್ಲೆಲ್ಲ ಸೀಲೆಂಟ್ ಮೆತ್ತಿರುತ್ತಾರೆ. ಬಿಸಿಲಿಗೆ ಅದು ಒಣಗಿ ಬಿರುಕು ಬಿಡುತ್ತದೆ. ನೀರು ಇಳಿಯುವುದು ಒಂದು ಕಡೆ, ಕಾಣಿಸಿಕೊಳ್ಳುವುದು ಆರಡಿ ಆಚೆ. ತೀರ್ಥಹಳ್ಳಿಯಲ್ಲಿ ರಾಯರ ಅಪ್ಪ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಿದ್ದರು. ಆ ರಗಳೆಯೇ ಬೇಡವೆಂದು ಇಂಜಿನಿಯರಿಂಗ್ ಓದಿ, ಸಮುದ್ರ ದಾಟಿ, ಬೇಸಿಗೆಯುದ್ದಕ್ಕೂ ಒಂದು ಹನಿ ಬೀಳದ ಊರಲ್ಲಿ ನೆಲೆಸಿದ ಮಗ ಈಗ ಪ್ರತಿ ಅಕ್ಟೋಬರಿನಲ್ಲಿ ಏಣಿ ಹತ್ತಿ, ಚಾವಣಿಯ ಮೇಲೆ ಹೊಟ್ಟೆಯೂರಿ ತೆವಳುತ್ತ ಬಿರುಕು ಹುಡುಕುತ್ತಾರೆ. ಇದನ್ನು ವಿಡಿಯೋ ಕರೆಯಲ್ಲಿ ನೋಡಿದ ಅಪ್ಪ ಕೇಳಿದ್ದು ಇಷ್ಟೇ: "ಅಷ್ಟು ದೂರ ಹೋಗಿಯೂ ನಿಂಗೆ ಸೋರೋ ಸೂರೇ ಸಿಕ್ತೇನೋ?"

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಟ್ರೇಲರಿನ ಫ್ರಿಜ್ ಕಂಡಿರಲಿಲ್ಲ. ಅದು ಬೆಂಕಿ ಹಚ್ಚಿ ತಣ್ಣಗೆ ಮಾಡುವ ಯಂತ್ರ. 1922ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ವಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ಹುಡುಗರು ಕಂಡುಹಿಡಿದದ್ದು. ಕೆಳಗೆ ಗ್ಯಾಸಿನ ಪುಟ್ಟ ಜ್ವಾಲೆ, ಹಿಂದಿನ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್. ತಿರುಗಿ ಸವೆಯುವ ಭಾಗ ಒಂದೂ ಇಲ್ಲ. ಇರುವುದು ಒಂದೇ ಹಟ: ಸಮತಟ್ಟಾಗಿ ನಿಲ್ಲಿಸಬೇಕು. ಓರೆ ನಿಂತರೆ ಒಳಗಿನ ದ್ರವ ಹರಿಯಬೇಕಾದ ಕಡೆ ಹರಿಯದೆ ಮೊದಲು ತಂಪು ಹೋಗುತ್ತದೆ, ಆಮೇಲೆ ಫ್ರಿಜ್ಜೇ ಹೋಗುತ್ತದೆ. ಹಾಗಾಗಿ ರಾಯರ ಜೇಬಿನಲ್ಲಿ ಸದಾ ರಸಮಟ್ಟ. ಗುಳ್ಳೆ ನಡುವೆ ಬಂತೆಂದು ಅವರು ಸಾರಿದರೂ ಹೆಂಡತಿ ನಂಬುವುದಿಲ್ಲ. ಒಲೆಯ ಮೇಲೆ ಕಾವಲಿ ಇಟ್ಟು ಒಂದು ಸೌಟು ಹಿಟ್ಟು ಹುಯ್ಯುತ್ತಾರೆ.

"ಎಡಕ್ಕೆ ಹರೀತಿದೆ ರೀ."

ಒಲೆ ಆರಿಸಿ, ಕಾರು ಚೂರು ಮುಂದೆ ತಂದು, ಎಡಗಾಲಿಯನ್ನು ಇನ್ನೊಂದು ಹಲಗೆ ಹತ್ತಿಸುತ್ತಾರೆ ರಾಯರು. ಮತ್ತೊಂದು ಸೌಟು. "ಈಗ ಬಾಗಿಲ ಕಡೆ." ಸೊಟ್ಟ ದೋಸೆಗಳೆಲ್ಲ ರಾಯರ ಪಾಲು. ದುಂಡಗಿನ ದೋಸೆ ಬಿದ್ದ ಮೇಲೆಯೇ ಫ್ರಿಜ್ಜಿಗೆ ಬೆಂಕಿ. ರಸಮಟ್ಟಕ್ಕಿಂತ ಇದು ನಿಖರ ಎಂದು ನನ್ನ ಅಭಿಪ್ರಾಯ, ರಾಯರೆದುರು ಹೇಳುವುದಿಲ್ಲ.

ದೋಸೆಯಾಯಿತು, ಚಟ್ನಿ? ಟ್ರೇಲರಿನ ಇತಿಹಾಸ ದಿಕ್ಕು ಬದಲಿಸಿದ್ದು ಈ ಪ್ರಶ್ನೆಯಿಂದ. ಕಾಡಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಪ್ಲಗ್ ಇರುವುದಿಲ್ಲ. ಮಿಕ್ಸಿಗೆ ಬೇಕಾದದ್ದು 120 ವೋಲ್ಟ್, ಬ್ಯಾಟರಿಯಲ್ಲಿರುವುದು 12. ಒರಳು ತಗೊಂಡು ಹೋಗೋಣ ಎಂಬ ಹೆಂಡತಿಯ ಸಲಹೆಯನ್ನು ಭಾರದ ಕಾರಣ ಕೊಟ್ಟು ತಳ್ಳಿಹಾಕಿದ ರಾಯರು ಇನ್ವರ್ಟರ್ ತಂದರು. 750 ವಾಟಿನ ಮಿಕ್ಸಿ ಬ್ಯಾಟರಿಯಿಂದ ಎಳೆಯುವುದು ಏನಿಲ್ಲವೆಂದರೂ 65 ಆಂಪ್. ಗ್ಯಾರೇಜಿನಲ್ಲಿ ಬಿದ್ದಿದ್ದ ತೆಳು ವೈರು ಹಾಕಿದ್ದರಿಂದ ಕಾಯಿ ನುಣ್ಣಗಾಗುವ ಮೊದಲೇ ವೈರಿನ ವಾಸನೆ ಬಂತು. ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್ ಬಂತು. ಕೇಬಲ್ ಬಂದ ಮೇಲೆ ಹಳೆಯ ಲೆಡ್ ಆಸಿಡ್ ಬ್ಯಾಟರಿ ಏದುಸಿರು ಬಿಟ್ಟಿತು. ಅದರ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀರಿದರೆ ಆಯುಸ್ಸು ಕಮ್ಮಿಯಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬಂತು: 100 ಆಂಪ್-ಅವರ್, ಅಂದರೆ 1280 ವಾಟ್-ಅವರ್, ಹೆಚ್ಚುಕಮ್ಮಿ ಎಲ್ಲವನ್ನೂ ಬಳಸಬಹುದು.

ಆವತ್ತಿನಿಂದ ರಾಯರ ಎಕ್ಸೆಲ್ ಶೀಟಿನಲ್ಲಿ ವಿದ್ಯುತ್ತಿನ ಲೆಕ್ಕ ಚಟ್ನಿಯಲ್ಲಿ. ಐದು ನಿಮಿಷ ಮಿಕ್ಸಿ ಓಡಿದರೆ, ಇನ್ವರ್ಟರ್ ನುಂಗುವುದೂ ಸೇರಿ, ಹತ್ತಿರ ಹತ್ತಿರ 70 ವಾಟ್-ಅವರ್. ಅದು ಒಂದು ಚಟ್ನಿ. "ಹಳೇ ಬ್ಯಾಟರೀಲಿ ಒಂಬತ್ತು ಚಟ್ನಿ ಬರ್ತಿತ್ತು, ಇದರಲ್ಲಿ ಹದಿನೆಂಟು. 18 ವಾಟಿನ ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ್ರೆ ದಿನಾ ಸಂಜೆ ಒಂದು ಚಟ್ನಿ ಉಳಿಯುತ್ತೆ." ಯುಗಾದಿ ಊಟದ ಪಂಕ್ತಿಯಲ್ಲಿ ಇದನ್ನು ಕೇಳಿಸಿಕೊಂಡ ಹೊಸಬರೊಬ್ಬರು, ಪಾಪ, ಇವರು ಕೇಟರಿಂಗ್ ಮಾಡುತ್ತಾರೆಂದು ತಿಳಿದು ಮಗನ ಉಪನಯನಕ್ಕೆ ದರ ವಿಚಾರಿಸಿದರು.

ಹದಿನೆಂಟು ಚಟ್ನಿ ಮುಗಿದ ಮೇಲೇನು ಗತಿ? ಸೋಲಾರ್. ಎರಡು ಪ್ಯಾನೆಲ್, ಒಂದೊಂದಕ್ಕೆ ನಾಲ್ಕು ಕಾಲು, ಒಂದೊಂದು ಕಾಲಿಗೆ ಎರಡು ಸ್ಕ್ರೂ. ಅಕ್ಟೋಬರಿನಲ್ಲಿ ಹೊಟ್ಟೆಯೂರಿ ಬಿರುಕು ಮುಚ್ಚಿದ ಅದೇ ಚಾವಣಿಗೆ ರಾಯರು ತಾವೇ ನಿಂತು ಹದಿನಾರು ತೂತು ಕೊರೆದರು. ಜನವರಿಯ ಮಳೆ ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಒಳಗಿಳಿದು, ನೇರವಾಗಿ ಮಿಕ್ಸಿಯ ಮೇಲೆ ತೊಟ್ಟಿಕ್ಕಿತು.

ಹಗುರವಾದ ಬ್ಯಾಟರಿಯ ಪರಿಣಾಮ ಇನ್ನೊಂದು ಕಡೆ ಕಾದಿತ್ತು. ಹಳೆಯದು 28 ಕಿಲೋ ತೂಗುತ್ತಿತ್ತು, ಹೊಸದು 12; ಎರಡೂ ಕೂರುವುದು ಟ್ರೇಲರಿನ ಮೂಕಿಯ ಮೇಲೆ. ಅಲ್ಲಿ ಭಾರ ಇಳಿಯಿತು. ಹಿಂದಿನ ಕಪಾಟಿಗೆ ಹೆಂಡತಿ ಅಕ್ಕಿ, ಕುಕ್ಕರ್, ಉಪ್ಪಿನಕಾಯಿ ಭರಣಿ ಸೇರಿಸಿದರು. ಅದರಾಚೆ ಬಂಪರಿಗೆ, ಬಾರದ ಮಕ್ಕಳ ಎರಡು ಸೈಕಲ್. ಎತ್ತಿನ ಗಾಡಿ ಹೊಡೆದವರಿಗೆ ಇದು ಹೇಳಿಕೊಡಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಇರಬೇಕು, ಇಲ್ಲದಿದ್ದರೆ ವೇಗದಲ್ಲಿ ಹಿಂಭಾಗ ಎಡಕ್ಕೂ ಬಲಕ್ಕೂ ತೂಗತೊಡಗಿ ಎಳೆಯುವ ಕಾರನ್ನೂ ಅಲ್ಲಾಡಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯ ಮಿತಿ. ಹೀಗೆ ಹಿಂಭಾರವಾಗಿ ಹೊರಟ ಆ ಸಲ ರಾಯರು 40ರಲ್ಲಿ ಊರು ಸೇರಿದರು. ಹಿಂದಿನ ವಾಹನಗಳು ಒಡೆಯರ ಕಾಲದ ಮೆರವಣಿಗೆಯಷ್ಟು ಉದ್ದಕ್ಕಿದ್ದವು.

ಮನೆಗೆ ಬಂದವರೇ ಬಚ್ಚಲುಮನೆಯ ತೂಕದ ಯಂತ್ರ ಎತ್ತಿಕೊಂಡು ಹೊರಗೆ ಓಡಿದರು. ಒಂದು ತೊಲೆ, ಒಂದು ತುದಿಯಲ್ಲಿ ಪೈಪು, ಇನ್ನೊಂದು ತುದಿಯಲ್ಲಿ ತೂಕದ ಯಂತ್ರ. ಮೂಕಿಯನ್ನು ಪೈಪಿನಿಂದ ಒಂದಡಿ, ಯಂತ್ರದಿಂದ ಎರಡಡಿ ದೂರಕ್ಕೆ ಇಳಿಸಿ, ಬಂದ ಅಂಕಿಯನ್ನು ಮೂರರಿಂದ ಗುಣಿಸುವುದು. ತುಂಬಿದ ಟ್ರೇಲರ್ 1600 ಕಿಲೋ. ಮೂಕಿಗೆ 160 ಆದರೂ ಬೇಕಿತ್ತು, ಇದ್ದದ್ದು 111. ಸೈಕಲ್ ಇಳಿಸಿದರೆ ಸಾಕಿತ್ತು. ಅದನ್ನು ಬಿಟ್ಟು ರಾಯರ ಮುಖ ಅರಳಿತು: ಮುಂದೆ ಭಾರ ಬೇಕು ಎಂದರೆ ಸ್ಪ್ಯಾನರ್, ಡ್ರಿಲ್, ಜಾಕ್ ತುಂಬಿದ ಪೆಟ್ಟಿಗೆಯನ್ನು ಎಲ್ಲಿಗೆ ಹೋದರೂ ಮುಂದೆ ಹೇರಿಕೊಂಡೇ ಹೋಗಬೇಕು. ಭೌತಶಾಸ್ತ್ರವೇ ಅಪ್ಪಣೆ ಕೊಟ್ಟ ಮೇಲೆ ಯಾರೇನು ಮಾಡಲಾದೀತು? ತೂಕದ ಯಂತ್ರ ಮಾತ್ರ ಆವತ್ತಿನಿಂದ ಯಾರು ನಿಂತರೂ ನಾಲ್ಕು ಕಿಲೋ ಕಮ್ಮಿ ತೋರಿಸುತ್ತದೆ. ಟ್ರೇಲರಿನಿಂದ ಆದ ಏಕೈಕ ಉಪಕಾರ ಅದು ಎನ್ನುತ್ತಾರೆ ಅವರ ಹೆಂಡತಿ.

ರಾಯರ ತಾಯಿ ಆರು ತಿಂಗಳಿಗೆಂದು ಬಂದಾಗ ಒಳಗೆಲ್ಲ ತೋರಿಸಿದರು. ನೀರಿನ ಟ್ಯಾಂಕು, ಬಚ್ಚಲ ನೀರಿನ ಟ್ಯಾಂಕು, ಮೂರನೆಯದು ಇನ್ನೊಂದರ ಟ್ಯಾಂಕು. ಆ ಮೂರನೆಯದರ ಮಟ್ಟ ತೋರಿಸುವ ದೀಪ ಖಾಲಿ ಇದ್ದಾಗಲೂ "ಮೂರರಲ್ಲಿ ಎರಡು ಪಾಲು" ಎನ್ನುತ್ತದೆ. ಅದನ್ನು ಸರಿಮಾಡಿದ ಮನುಷ್ಯ ಅಮೆರಿಕದಲ್ಲಿ ಇನ್ನೂ ಹುಟ್ಟಿಲ್ಲ. ಖಾಲಿ ಮಾಡುವಾಗ ಮೊದಲು ಅದನ್ನು ಬಿಟ್ಟು, ಆಮೇಲೆ ಬಚ್ಚಲ ನೀರು ಬಿಡಬೇಕು, ಕೊಳವೆ ತೊಳೆದ ಹಾಗಾಗುತ್ತದೆ ಎಂದು ರಾಯರು ಉತ್ಸಾಹದಿಂದ ವಿವರಿಸುತ್ತಿದ್ದರೆ ತಾಯಿ ಸೆರಗು ಮೂಗಿಗೆ ಹಿಡಿದು, "ಒಲೆ ಪಕ್ಕ ಕಕ್ಕಸು, ಅದನ್ನ ತುಂಬ್ಕೊಂಡು ಊರೂರು ತಿರುಗೋದು, ಕೊನೆಗೆ ನೀನೇ ಚೆಲ್ಲೋದು. ಇದಕ್ಕೇನೋ ನಿನ್ನ ಅಷ್ಟು ಓದಿಸಿದ್ದು?" ಎಂದರು.

ಯೊಸೆಮಿಟಿಯಲ್ಲಿ ಜಾಗ ಸಿಗಬೇಕಾದರೆ ಐದು ತಿಂಗಳು ಮೊದಲೇ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕಂಪ್ಯೂಟರ್ ಮುಂದೆ ಕೂರಬೇಕು. ನಿಮಿಷಗಳಲ್ಲಿ ಎಲ್ಲ ಭರ್ತಿ. ಅಷ್ಟು ತಪಸ್ಸಿನಿಂದ ದಕ್ಕಿದ ಜಾಗಕ್ಕೆ ಟ್ರೇಲರನ್ನು ಹಿಮ್ಮುಖವಾಗಿ ತೂರಿಸುವುದು ದಾಂಪತ್ಯದ ಪರೀಕ್ಷೆ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು. ಹಾಸನದ ಬಸ್ಸುಗಳಲ್ಲಿ ಓಡಾಡಿ ಬೆಳೆದ ಹೆಂಡತಿ ಹಿಂದೆ ನಿಂತು "ರೈಟ್, ರೈಟ್" ಎನ್ನುತ್ತಾರೆ. ಬರಲಿ ಎಂಬರ್ಥದಲ್ಲಿ. ರಾಯರು ಬಲಕ್ಕೆ ತಿರುಗಿಸುತ್ತಾರೆ. "ಹೋಲ್ಡಾನ್!" ಬರುವಷ್ಟರಲ್ಲಿ ಪೈನ್ ಮರ ಬಂದಿರುತ್ತದೆ.

ಒಂದು ಸಲ ಹೀಗೆ ಟ್ರೇಲರ್ ನಿಲ್ಲಿಸಿದ ಮೇಲೆ ಜೊತೆಗಿದ್ದವರೆಲ್ಲ ಜಲಪಾತ ನೋಡಲು ಹೊರಟರು. "ನೀವು ಹೋಗ್ತಿರಿ, ಒಂದೇ ಒಂದು ಸ್ಕ್ರೂ ಇದೆ, ಬಂದೆ," ಎಂದರು ರಾಯರು. 739 ಮೀಟರ್ ಎತ್ತರದಿಂದ ಬೀಳುವ ನೀರನ್ನು ಬಿಟ್ಟು, ಸಿಂಕಿನ ಕೆಳಗೆ ತೊಟ್ಟಿಕ್ಕುವ ನೀರನ್ನು ಟಾರ್ಚ್ ಹಾಕಿ ನೋಡುತ್ತ ಮಧ್ಯಾಹ್ನ ಕಳೆದರು. ಅದು ಸರಿಹೋಗುವ ಹೊತ್ತಿಗೆ ಪಕ್ಕದ ಜಾಗದ ಗಡ್ಡದವನೊಬ್ಬ ಬಂದು ಚಕ್ರದ ಬೇರಿಂಗಿಗೆ ಗ್ರೀಸ್ ಎಷ್ಟು ದಿನಕ್ಕೊಮ್ಮೆ ತುಂಬುತ್ತೀರಿ ಎಂದ. ಕತ್ತಲಾಗುವವರೆಗೆ ಇಬ್ಬರೂ ಅವನ ಟ್ರೇಲರಿನ ಅಡಿಯಲ್ಲಿದ್ದರು, ಬೂಟು ಒಂದು ಜೊತೆ, ಹವಾಯಿ ಒಂದು ಜೊತೆ.

ನನಗೆ ರಾಯರ ಮೇಲೆ ಹೊಟ್ಟೆಕಿಚ್ಚು ಎನ್ನುವವರಿದ್ದಾರೆ. ಸುಳ್ಳಲ್ಲ. ರಾಯರು ವರ್ಷಗಟ್ಟಲೆ ಬರೆದ ಕೋಡನ್ನು ಆಫೀಸಿನಲ್ಲಿ ಒಂದು ಈಮೇಲ್ ಕಳಿಸಿ ಕಸಕ್ಕೆ ಹಾಕಿದರು. ಟ್ರೇಲರಿನಲ್ಲಿ ಬಿಗಿ ಮಾಡಿದ ಸ್ಕ್ರೂ ಬಿಗಿಯಾಗಿಯೇ ಇರುತ್ತದೆ, ಮುಂದಿನ ಹೊಂಡದವರೆಗಾದರೂ.

ಅತಿಥಿಗಳು ಬಂದರೆ ರಾಯರ ಬಳಿ ಒಂದು ಬ್ರಹ್ಮಾಸ್ತ್ರವಿದೆ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಮೂವರನ್ನು ಹಾರ್ನೆಟ್ ಹಡಗಿನ ಮೇಲೆ ಇಳಿಸಿಕೊಂಡದ್ದು ಟ್ರೇಲರಿಗೇ. ಏರ್‌ಸ್ಟ್ರೀಮ್ ಟ್ರೇಲರನ್ನು ನಾಸಾ ಬೇಕಾದಂತೆ ಬದಲಾಯಿಸಿಕೊಂಡಿತ್ತು, ಅಧ್ಯಕ್ಷ ನಿಕ್ಸನ್ ಅದರ ಕಿಟಕಿಯಾಚೆ ನಿಂತು ಮಾತಾಡಿದರು. ಆ ಹಡಗು ಈಗ ಹತ್ತಿರದ ಅಲಮೀಡಾದಲ್ಲಿ ಮ್ಯೂಸಿಯಂ, ರಾಯರು ಬಂದವರನ್ನೆಲ್ಲ ಕರೆದೊಯ್ಯುತ್ತಾರೆ. "ಚಂದ್ರನ ಮೇಲೆ ಓಡಾಡಿ ಬಂದವರಿಗೇ ಟ್ರೇಲರ್ ಆಯ್ತು!"

"ಅವರನ್ನ ರೋಗ ಹರಡೀತು ಅಂತ ಅದರಲ್ಲಿ ಕೂಡಿಹಾಕಿದ್ದು ರೀ," ಎನ್ನುತ್ತಾರೆ ಹೆಂಡತಿ, ಅತಿಥಿಗಳಿಗೆ ಕಾಫಿ ಕೊಡುತ್ತ.

ಈ ಸಲ ರಜೆಗೆ ಬುಕಿಂಗ್ ಮಾಡಿದವರು ಹೆಂಡತಿಯೇ. ಮಾಂಟೆರೆ, ಸಮುದ್ರದ ಪಕ್ಕ. ರಾಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಯಾವ ಕ್ಯಾಂಪ್‌ಗ್ರೌಂಡೇ?"

"ಹೋಟೆಲ್ಲು. ಎರಡು ರೂಮು. ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರುತ್ತೆ, ಹೋದ ನೀರು ಎಲ್ಲಿಗೆ ಹೋಯ್ತು ಅಂತ ನಾವು ಯೋಚಿಸಬೇಕಾಗಿಲ್ಲ. ಮಕ್ಕಳೂ ಬರ್ತೀವಿ ಅಂದಿದಾರೆ."

ರಾಯರು ಗ್ಯಾರೇಜಿಗೆ ಹೋದರು. ಪೆಟ್ಟಿಗೆಯ ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮತ್ತೆ ಜೋಡಿಸಿಟ್ಟು ಒಳಗೆ ಬಂದರು.

"ಅಲ್ವೇ, ಆ ಹೋಟೆಲ್ ಪಾರ್ಕಿಂಗಲ್ಲಿ 30 ಆಂಪ್ ಪ್ಲಗ್ ಇದೆಯಾ ಕೇಳ್ತೀಯಾ?"