ಚಕ್ರಗೃಹ ಶೀತಮೀಮಾಂಸೆ

ಚಕ್ರದ ಮೇಲೆ ಮನೆ ಮಾಡಿಕೊಂಡು ಚಳಿಗಾಲ ಕಳೆಯುವ ವಿದ್ಯೆ ಕೆನಡಾ, ನಾರ್ವೆಯವರದು ಎಂಬುದು ಪೂರ್ವಪಕ್ಷ. ಅಲ್ಲಿ ಮೋಟರ್‌ಹೋಮಿನ ನಲ್ಲಿ ಹೆಪ್ಪುಗಟ್ಟುತ್ತದೆ. ಮಲಗಿದವರ ಉಸಿರೇ ಕಿಟಕಿಯ ಗಾಜಿನ ಮೇಲೆ ನೀರಾಗಿ ಹಾಸಿಗೆ ತೋಯಿಸುತ್ತದೆ. ರಾತ್ರಿಯಿಡೀ ಡೀಸೆಲ್ ಹೀಟರ್ ಉರಿಯಬೇಕು. ಇಷ್ಟು ಪಾಡುಪಟ್ಟರೂ ಒಳಗಿರುವವರು ಹೆಚ್ಚೆಂದರೆ ಗಂಡ, ಹೆಂಡತಿ, ಒಂದು ನಾಯಿ.

ಇದನ್ನು ಖಂಡಿಸಲು ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ ಇಷ್ಟು ಹೆಸರು ಸಾಕು. ಅಲ್ಲಿನ ಯಕ್ಷಗಾನ ಮೇಳಗಳು ನವೆಂಬರ್ ಸುಮಾರಿಗೆ ಗೆಜ್ಜೆ ಕಟ್ಟಿ ಹೊರಟರೆ ಮೇ ತನಕ ತಿರುಗಾಟ. ದಿನಕ್ಕೊಂದು ಊರು. ಗಾಡಿಯಲ್ಲಿ ಮೂವತ್ತು ನಲವತ್ತು ಜನ, ರಾಶಿ ಪೆಟ್ಟಿಗೆ, ಜೊತೆಗೆ ಒಬ್ಬ ದೇವರು. ದೇವರ ಪೆಟ್ಟಿಗೆ ಇಳಿಯದೆ ಬಣ್ಣ ಹಚ್ಚುವ ಚೌಕಿಯಿಲ್ಲ, ಚೌಕಿಯಲ್ಲಿ ಗಣಪತಿ ಪೂಜೆಯಾಗದೆ ಆಟವಿಲ್ಲ. ಆದ್ದರಿಂದ ಈ ಚಕ್ರಗೃಹದ ಖಾಯಂ ನಿವಾಸಿ ಗಣಪತಿ, ಉಳಿದವರೆಲ್ಲ ಬಾಡಿಗೆಯವರು ಎಂದು ಸಿದ್ಧವಾಯಿತು. ಲಾರಿ ಬರುವ ಮುಂಚೆ ಪೆಟ್ಟಿಗೆ ಹೊತ್ತು ನಡೆದೇ ಊರೂರು ದಾಟುತ್ತಿದ್ದರಲ್ಲ, ಆಗ ಚಕ್ರವೆಲ್ಲಿತ್ತು ಎಂದು ಕೇಳಬಹುದು. ಅದು ವಾದಕ್ಕೆ ತೊಡಕು, ಹಾಗಾಗಿ ಕೈಬಿಟ್ಟಿದ್ದೇನೆ.

ಇನ್ನು ಚಳಿ ಎಂಬ ಪದಾರ್ಥ. ಕುಂದಾಪುರದ ಕರಾವಳಿಯಲ್ಲಿ ಜನವರಿಯ ನಸುಕಿಗೆ ಉಷ್ಣತೆ 20 ಡಿಗ್ರಿಯ ಆಸುಪಾಸು. ನಾರ್ವೆಯವನಾದರೆ ಅಂಗಿ ಬಿಚ್ಚಿ ಮರಳಿನ ಮೇಲೆ ಮಲಗಿಯಾನು. ಆದರೆ ಪ್ರಮಾಣಶಾಸ್ತ್ರದಲ್ಲಿ ಥರ್ಮಾಮೀಟರಿಗಿಂತ ಆಪ್ತವಾಕ್ಯ ದೊಡ್ಡದು. ಉಳಿದ ವರ್ಷವೆಲ್ಲ ಸೆಕೆಯಲ್ಲಿ ಬೆಂದವರು ಮಂಕಿಕ್ಯಾಪ್ ಎಳೆದುಕೊಂಡು, ಕಂಬಳಿ ಹೊದ್ದು ಆಟದ ಗದ್ದೆಯಲ್ಲಿ ಕೂತು, “ಹ್ವಾಯ್, ಈ ಸಲ ಎಂತ ಚಳಿ ಮರ್ರೆ!” ಎಂದರೆ ಚಳಿ ಇದೆ. ಮದ್ದಲೆಯೂ ಸಾಕ್ಷಿ. ಇಬ್ಬನಿ ಬೀಳತೊಡಗಿದರೆ ಚರ್ಮ ಸಡಿಲಿ ಶ್ರುತಿ ಇಳಿಯುತ್ತದೆ. ಮದ್ದಲೆ ಸುಳ್ಳು ಹೇಳುವುದಿಲ್ಲ, ಹೇಳಿದರೆ ಭಾಗವತರು ಬಿಡುವುದಿಲ್ಲ. ಇಷ್ಟಕ್ಕೂ ಒಪ್ಪದವರು ಗಾಡಿ ಬಾಳೆಬರೆ ಘಾಟಿ ಹತ್ತಿ ಹೊಸನಗರದ ಕಡೆ ಆಟಕ್ಕೆ ಹೋಗುವಾಗ ಜೊತೆಗೆ ಹೋಗಬಹುದು. ಈ ಸಂಶೋಧಕ ಹೋಗಿಲ್ಲ.

ಈಗ ಮುಖ್ಯ ಸಿದ್ಧಾಂತ. ನಾರ್ವೆಯವನು ಮಾಡಿದ ಮೂಲಭೂತ ತಪ್ಪು ಎಂದರೆ ರಾತ್ರಿ ಮಲಗಿದ್ದು. ಮೇಳದವರು ಚಳಿ ಬೀಳುವ ಹೊತ್ತಿಗೆ ಮುಂಡಾಸು ಬಿಗಿದು, ಎದೆಕಟ್ಟು, ಭುಜಕೀರ್ತಿ ಏರಿಸಿ ಮಂಡಿ ಹಾಕುತ್ತಿರುತ್ತಾರೆ. ನಾಲ್ಕು ಗಂಟೆಗೆ ಸಭೆ ಗಡಗಡ ನಡುಗುವಾಗ ರಂಗಸ್ಥಳದಲ್ಲಿ ಬಣ್ಣ ಬೆವರಿಗೆ ಕರಗುತ್ತದೆ. ಬಣ್ಣದ ವೇಷಕ್ಕೆ ಚಳಿ ಹಿಡಿದದ್ದು ಯಾವ ಪ್ರಸಂಗದಲ್ಲೂ ಇಲ್ಲ. ಬೆಳಗಾದ ಮೇಲೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು, ಗಾಡಿ ಹತ್ತಿ, ಮುಂದಿನ ಊರಿನ ಜಗಲಿಯಲ್ಲಿ ಚಾಪೆ ಬಿಚ್ಚಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಹೊರಗೆ 30 ಡಿಗ್ರಿ ದಾಟಿರುತ್ತದೆ. ಹೀಟರಿನ ಖರ್ಚು ಸೂರ್ಯನದು. ಹಿರಿಯ ವೇಷಧಾರಿಯೊಬ್ಬರು ಇದನ್ನು ಸೂತ್ರರೂಪದಲ್ಲೇ ಹೇಳಿದರು: “ಹಗ್ಲ್ ಮನಿಕಂಬ್ರಿಗೆ ಚಳಿ ಎಂತದ್ ಮರ್ರೆ?”

ಕೋಟದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಹೆಜ್ಜೆ, ತಾಳ, ವೇಷಗಳ ಮೇಲೆ ಬೇಕಾದಷ್ಟು ಸಂಶೋಧನೆ ನಡೆಯಿತು. ನಿದ್ದೆಯ ಮೇಲೆ ಮಾತ್ರ ಕಡಿಮೆ. ರಾತ್ರಿಯಿಡೀ ಆಟ ನೋಡಿದ ಸಂಶೋಧಕರೂ ಹಗಲು ಮಲಗುತ್ತಿದ್ದುದು ಕಾರಣವಿರಬಹುದು.

ಸಿದ್ಧಾಂತಕ್ಕೆ ಅಪವಾದವಿದೆ, ಅದು ಚಿಕ್ಕದೂ ಅಲ್ಲ. ರಂಗಸ್ಥಳ ಕಟ್ಟುವವರು ಉಳಿದವರು ಮಲಗಿದಾಗ ಕಂಬ ನೆಡುತ್ತಾರೆ, ಉಳಿದವರು ಎದ್ದಾಗ ಪರದೆ, ದೀಪ, ಪೆಟ್ಟಿಗೆ ನೋಡುತ್ತಾರೆ. ಮಂಗಳ ಹಾಡಿದ ಮೇಲೆ ಕಟ್ಟಿದ್ದನ್ನೆಲ್ಲ ಬಿಚ್ಚಿ ಲಾರಿಗೆ ತುಂಬುವವರೂ ಅವರೇ. ನಡುವೆ ಸಿಕ್ಕ ಒಂದು ಗಂಟೆ ಚೌಕಿಯ ಹಿಂದೆ, ಸರಿಯಾಗಿ ಘಟ್ಟದ ಕಡೆಯ ಮೂಡುಗಾಳಿ ಬೀಸುವ ಹೊತ್ತಿಗೆ, ಹಳೇ ಪರದೆ ಹೊದ್ದು ಮುದುಡುತ್ತಾರೆ. ಚಳಿಯ ವಿಷಯದಲ್ಲಿ ನಿಜವಾದ ವಿದ್ವಾಂಸರು ಅವರು. ಸನ್ಮಾನದ ಶಾಲು ಮಾತ್ರ ಬೆವರುತ್ತಿರುವವರ ಹೆಗಲಿಗೇ ಬೀಳುತ್ತದೆ.

ಈಚೆಗೆ ಇಡೀ ಶಾಸ್ತ್ರಕ್ಕೇ ಗಂಡಾಂತರ ಬಂದಿದೆ. ಅದರ ಹೆಸರು ಕಾಲಮಿತಿ. ಸಂಜೆ ಶುರುವಾದ ಆಟ ನಡುರಾತ್ರಿಗೆ ಮುಗಿದರೆ ಕಲಾವಿದರು ಬೈಕ್ ಹತ್ತಿ ಮನೆಗೆ ಹೋಗಿ, ನಾರ್ವೆಯವರ ಹಾಗೆ ರಾತ್ರಿಯೇ ಮಲಗುತ್ತಾರೆ. ಸಂಸಾರಕ್ಕೆ ಒಳ್ಳೆಯದು, ಮೀಮಾಂಸೆಗೆ ಘೋರ. ಬ್ರಹ್ಮಾವರದ ಕಡೆ ಆಟ ಮುಗಿಸಿ ಬೈಂದೂರಿನ ಒತ್ತಿನೆಣೆ ದಾಟಬೇಕಾದವರು ಹೆದ್ದಾರಿ 66ರಲ್ಲಿ ಮರವಂತೆಗೆ ಬರುವಾಗ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಬೆವರು ಆರದ ಮೈ. ತಿರುಗಾಟದ ಗಾಡಿಯಲ್ಲಿ ಆರು ತಿಂಗಳಲ್ಲೂ ಸಿಗದ ಚಳಿ ಅಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತದಂತೆ. ಈ ದ್ವಿಚಕ್ರ ಶೀತದ ಅಧ್ಯಯನಕ್ಕೆ ರಾತ್ರಿ ಒಂದು ಗಂಟೆಗೆ ಸವಾರರ ಹಿಂದೆ ಕೂತು ಹೋಗುವುದು ಅನಿವಾರ್ಯ. ಕ್ಷೇತ್ರಕಾರ್ಯವನ್ನು ಮೇ ತಿಂಗಳಿಗೆ ಇಟ್ಟುಕೊಂಡಿದ್ದೇನೆ.